ಹುಕ್ಕೇರಿಯವರನ್ನೂ ಕೇಳಬೇಕು

ಹರಿಹರದ ಸೇತುವೆ

ಸಮುದ್ರ ದಾಟಿದವರು ಮಾತ್ರ ಪರದೇಶ ಕಂಡವರು ಎಂದು ನಾನು ಅರವತ್ತೆರಡು ವರ್ಷ ನಂಬಿದ್ದೆ. ಅದಕ್ಕೆ ಹಡಗೇ ಬೇಕಾಗಿಲ್ಲ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಸಾಕು. ನಮ್ಮ ಮಹಾರಾಜರ ಸೀಮೆ ಅಲ್ಲಿಗೆ ಮುಗಿಯಿತು. ಆಚೆಗೆ ಮುಂಬಯಿ ಸರ್ಕಾರ. ಅಧಿಕಾರಿಗಳು ಬೇರೆ, ಶಾಲೆಯ ಪುಸ್ತಕ ಬೇರೆ, ತಲೆಗೆ ಸುತ್ತುವ ರುಮಾಲೂ ಬೇರೆ. ಮಾತು ಮಾತ್ರ ಒಂದೇ ಎಂದು ಧೈರ್ಯವಾಗಿ ಹೊರಟಿದ್ದೆ. ಆ ಧೈರ್ಯ ರಾಣೆಬೆನ್ನೂರಿನವರೆಗೂ ಉಳಿಯಲಿಲ್ಲ.

ಅಲ್ಲಿ ರೈಲು ಹತ್ತಿದ ದಪ್ಪ ಮನುಷ್ಯನೊಬ್ಬ ನನ್ನ ಮುಂದೆ ನಿಂತು "ಸರೀರಿ" ಎಂದ. ನಾನು ಏನೂ ಹೇಳಿರಲಿಲ್ಲ, ಯಾವುದನ್ನು ಸರಿ ಎನ್ನುತ್ತಿದ್ದಾನೆಂದು ತಿಳಿಯದೆ "ಏನು ಸರಿ?" ಎಂದು ಕೇಳಿದೆ. "ಸರೀರಿ ಅಂದೆ." "ಸಂತೋಷ" ಎಂದೆ. ಅವನು ಇನ್ನೊಂದು ಮಾತಾಡದೆ ನನ್ನ ತೊಡೆಯ ಅರ್ಧದ ಮೇಲೆ ಕುಳಿತುಬಿಟ್ಟ. ಸರಿದು ಜಾಗ ಕೊಡಿ ಎಂದು ಅದರ ಅರ್ಥವಂತೆ. ನಲವತ್ತು ವರ್ಷ ಹುಡುಗರಿಗೆ ವ್ಯಾಕರಣ ಕಲಿಸಿದ ನಾನು ಧಾರವಾಡದವರೆಗೆ ಬಾಯಿ ತೆರೆಯಲಿಲ್ಲ.

ಹೋಗುವ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಶಾಂತೆಯನ್ನು ಗೋಕಾಕಕ್ಕೆ ಕೊಟ್ಟಿದೆ. ಅವಳ ಮಗಳು ಗಂಗಾ ಈ ಬೇಸಗೆಗೆ ನಾಲ್ಕನೇ ತರಗತಿ ಮುಗಿಸಿದ್ದಳು. ಆ ಕಡೆ ಹೆಣ್ಣುಮಕ್ಕಳ ಶಾಲೆ ನಾಲ್ಕಕ್ಕೇ ನಿಂತುಹೋಗುತ್ತದೆ. ಗಂಡುಮಕ್ಕಳ ಜೊತೆ ಕೂರಿಸಲು ಮನೆಯವರು ಒಪ್ಪುವುದಿಲ್ಲ. ಮಗುವನ್ನು ಕರೆತಂದು ತುಮಕೂರಿನ ನಮ್ಮ ಮನೆಯಲ್ಲಿಟ್ಟುಕೊಂಡು ಓದಿಸುವುದೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೆವು. ಹೊರಡುವ ಮೊದಲೇ ಇಲ್ಲಿನ ಕನ್ಯಾಶಾಲೆಯಲ್ಲಿ ಅವಳ ಹೆಸರು ಬರೆಸಿದ್ದೆ. ಕೆಲಸವನ್ನು ಮುಂಚಿತವಾಗಿ ಮಾಡಿಡುವುದು ನನ್ನ ಪದ್ಧತಿ.

ಗೋಕಾಕ

ಗೋಕಾಕ ರೋಡ್ ರೈಲು ಠಾಣೆಯಲ್ಲಿ ಅಳಿಯ ಮಹಾದೇವ ಒಂದು ಗಂಟೆ ತಡವಾಗಿ ಬಂದ. ಆ ಒಂದು ಗಂಟೆಯನ್ನು ಅವನು ಗಂಟೆಯೆಂದೇ ಎಣಿಸಲಿಲ್ಲ.

"ಅವ್ವ ಇಲೆಕ್ಷನ್ದಾಗ ಅದಾಳ್ರಿ ಮಾವಾರ. ಮನ್ಯಾಗ ಭಾಳ ಮಂದಿ" ಎಂದ, ಟಾಂಗಾ ಹತ್ತುತ್ತ.

ನಾನು ದಂಗಾದೆ. ಅವನ ತಾಯಿ ನೀಲವ್ವನವರು ಐವತ್ತೈದರ ವಿಧವೆ. ಗಂಡ ತೀರಿದ ಮೇಲೆ ಕಾಳಿನ ಅಂಗಡಿಯನ್ನು ತಾವೇ ನಡೆಸುತ್ತಿದ್ದಾರೆಂದು ಗೊತ್ತಿತ್ತು. ಅದನ್ನೇ ನಾವು ಊರಿನಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಇನ್ನು ಚುನಾವಣೆ! ನಮ್ಮ ಕಡೆ ಬೀಗಿತ್ತಿಯ ಧ್ವನಿ ಬಾಗಿಲ ಹಿಂದಿನಿಂದ ಕೇಳುತ್ತದೆ. ಇಲ್ಲಿ ಬೀಗಿತ್ತಿ ಅಂಗಳದ ನಡುವೆ ಮರದ ಹಲಗೆಯ ಮೇಲೆ ಕುಳಿತು ಇಪ್ಪತ್ತು ಗಂಡಸರ ಜೊತೆ ಮಾತಾಡುತ್ತಿದ್ದರು. ನನ್ನನ್ನು ಕಂಡು ಎದ್ದರು. "ಬರ್ರಿ ಬೀಗರ. ಉಂಡ ಮ್ಯಾಲ ಮಾತಾಡೋಣು. ನೀವು ಯಾಕ ಬಂದೀರಿ ಅಂತ ನನಗ ಗೊತ್ತೈತಿ."

ವಿಷಯ ಹೀಗಿತ್ತು. ಜಿಲ್ಲಾ ಬೋರ್ಡಿನಲ್ಲಿ ಈ ಭಾಗದ ಸ್ಥಾನಕ್ಕೆ ಬಹಳ ಕಾಲದಿಂದ ಒಬ್ಬ ಇನಾಮದಾರರೇ ಕುಳಿತಿದ್ದಾರೆ. ಅವರಿಗೆದುರಾಗಿ ರೈತರೂ ವ್ಯಾಪಾರಿಗಳೂ ಸೇರಿ ಒಂದು ಗುಂಪು ಕಟ್ಟಿದ್ದರು. ಜನ ಅವರನ್ನು 'ಹೊಸ ಮಂದಿ' ಎನ್ನುತ್ತಿದ್ದರು. ಮಳೆಗಾಲದ ನಂತರದ ನಿಜವಾದ ಚುನಾವಣೆಗೆ ಈ ಗುಂಪಿನಿಂದ ಒಬ್ಬರೇ ಹೋಗಬೇಕು. ಆಸೆಪಟ್ಟವರು ಇಬ್ಬರು: ಹತ್ತಿ ವ್ಯಾಪಾರಿ ಬಸಲಿಂಗಪ್ಪನವರು ಮತ್ತು ನಮ್ಮ ಬೀಗಿತ್ತಿ. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಊರಿನ ತಮ್ಮ ಸದಸ್ಯರನ್ನು ಒಂದೊಂದು ದಿನ ಒಂದೊಂದು ಊರಿನಲ್ಲಿ ಸೇರಿಸಿ ಮತ ಕೇಳುವುದು, ಮೂರನ್ನೂ ಕೂಡಿಸಿ ಹೆಚ್ಚು ಬಂದವರನ್ನು ಕಳಿಸುವುದು ಎಂದು ಒಪ್ಪಂದ. ಚುನಾವಣೆಗೆ ಮುಂಚೆ ತಮ್ಮತಮ್ಮೊಳಗೇ ಒಂದು ಚುನಾವಣೆ. ಇಂಥದನ್ನು ನಾನು ಕೇಳಿಯೂ ಇರಲಿಲ್ಲ.

ಊಟವಾಯಿತು. ನನ್ನ ಹತ್ತೂವರೆಯ ಊಟ ಎರಡು ಗಂಟೆಗೆ. ಕೆಂಪು ಮೆಣಸಿನಕಾಯಿಯ ರಂಜಕವನ್ನು ಉಪ್ಪಿನಕಾಯಿ ಎಂದು ಭಾವಿಸಿ ರೊಟ್ಟಿಯ ತುಂಬ ಸವರಿಕೊಂಡು ಕಣ್ಣೀರು ಹಾಕಿದ್ದನ್ನು ವಿಸ್ತರಿಸುವುದಿಲ್ಲ. ಆಮೇಲೆ ನೀಲವ್ವನವರು ನೇರವಾಗಿ ಮಾತಿಗೆ ಬಂದರು.

"ಐದನೇ ಇಯತ್ತೆ ತರಸಬೇಕಂತನ ನಾ ಇದಕ್ಕ ಇಳದೇನಿ. ನಮ್ಮ ಗಂಗಿ ಒಬ್ಬಾಕಿ ಸಲುವಾಗಿ ಅಲ್ಲ, ಮೂರೂ ಊರಾಗ. ಹುಕ್ಕೇರಿ ಮುಗೀತನಾ ತಡೀರಿ. ನಾ ಗೆದ್ದೆ ಅಂದ್ರ ಕೂಸು ಇಲ್ಲೇ ಇರ್ತಾಳ. ಸೋತ್ರ ನಾನ ಟ್ರಂಕ್ ಕಟ್ಟಿ ನಿಮ್ಮ ಕೂಡ ಕಳಸ್ತೇನಿ. ಆತೇನ್ರಿ?"

ಇಯತ್ತೆ ಎಂದರೆ ತರಗತಿ. ನಾನು ಒಪ್ಪಿದೆ. ಒಪ್ಪುವಾಗ ಮನಸ್ಸಿನಲ್ಲಿ, ಇವರು ಸೋಲುವುದು ಖಂಡಿತ ಎಂದುಕೊಂಡೆ. ಅದರಿಂದ ನನಗೆ ವ್ಯಸನವೇನೂ ಆಗಲಿಲ್ಲ.

ಗೋಕಾಕ, ಮರುದಿನ

ಬೆಳಿಗ್ಗೆ ಐದಕ್ಕೆ ಎದ್ದು, ತಣ್ಣೀರು ಸ್ನಾನ ಮಾಡಿ, ಪ್ರಸಿದ್ಧವಾದ ಜಲಪಾತವನ್ನು ನೋಡಿಬಂದೆ. ಚೈತ್ರದಲ್ಲಿ ಅಲ್ಲಿ ಜಲವೂ ಇಲ್ಲ, ಪಾತವೂ ಇಲ್ಲ. ಕರಿಬಂಡೆಯ ಮೇಲೆ ಒಂದು ಒದ್ದೆ ಗೆರೆ. "ಶ್ರಾವಣದಾಗ ಬರಬೇಕಿತ್ರಿ" ಎಂದ ಟಾಂಗಾದವನು, ನಾನೇ ಬೇಕೆಂದು ತಪ್ಪು ತಿಂಗಳು ಆರಿಸಿಕೊಂಡವನಂತೆ.

ಹತ್ತು ಗಂಟೆಗೆ ಮತದ ಜಾಗಕ್ಕೆ ಹೋದೆ. ಒಂದು ದೊಡ್ಡ ಪಡಸಾಲೆ. ಬಾಗಿಲಲ್ಲಿದ್ದ ಮುದುಕ ನನಗೆ ನಮಸ್ಕಾರ ಮಾಡಿ, ಅಂಗೈಯ ಮೇಲೆ ಒಂದು ಕಡಲೆಕಾಳು ಇಟ್ಟ. ಒಂದೇ ಒಂದು. ನಮ್ಮಲ್ಲಿ ಬಡವನ ಮನೆಗೆ ಹೋದರೂ ಒಂದು ಹಿಡಿ ಕೊಡುತ್ತಾರೆ. ಈ ಸೀಮೆಯ ಉಪಚಾರದ ಅಳತೆ ಇದೇ ಏನೋ ಎಂದು ಮನಸ್ಸು ಕಹಿಯಾಯಿತು. ಆದರೂ ಕೊಟ್ಟದ್ದನ್ನು ನಿರಾಕರಿಸಬಾರದೆಂದು ಬಾಯಿಗೆ ಹಾಕಿಕೊಂಡೆ. ಹಸಿಕಡಲೆ, ಕಲ್ಲಿನಂತಿತ್ತು. ಹಲ್ಲೊಂದು ಅಲುಗಿತು.

ಮತ ಹಾಕುವುದೆಂದರೆ ಆ ಕಡಲೆಕಾಳನ್ನು ಪರದೆಯ ಹಿಂದೆ ಹೋಗಿ ಒಂದು ಗಡಿಗೆಯೊಳಗೆ ಹಾಕುವುದು. ಸುಣ್ಣದ ಪಟ್ಟೆಯ ಗಡಿಗೆ ನೀಲವ್ವನವರದು, ಕೆಮ್ಮಣ್ಣಿನ ಪಟ್ಟೆಯದು ಬಸಲಿಂಗಪ್ಪನವರದು. ಓದುಬರಹ ಬಾರದ ಸದಸ್ಯರಿಗಾಗಿ ಈ ಏರ್ಪಾಡು. ಎಣಿಸುವಾಗ ಕೊಟ್ಟ ಕಾಳಿಗೂ ಬಿದ್ದ ಕಾಳಿಗೂ ಒಂದು ವ್ಯತ್ಯಾಸ ಬಂತು. ಗದ್ದಲವೆದ್ದಿತು. ಕಳ್ಳತನ ಎಂದರು ಒಬ್ಬರು. ಇನಾಮದಾರರ ಕೈವಾಡ ಎಂದರು ಇನ್ನೊಬ್ಬರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಎದ್ದು ನಡೆದದ್ದನ್ನು ಹೇಳಿದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಮುದುಕ ಹತ್ತಿರ ಬಂದು ಕೇಳಿದ: "ತಿಂದ್ರ್ಯಾ?"

"ತಿಂದೆ."

"ಮೈಸೂರು ಮಾಸ್ತರ್ರು ಓಟ್ ತಿಂದಾರಪೋ" ಎಂದು ಅವನು ಹೊರಗೆ ನಿಂತವರಿಗೂ ಕೇಳುವಂತೆ ಕೂಗಿದ. ಸಂಜೆಯೊಳಗೆ ಇದು ಇಡೀ ಪೇಟೆಗೆ ಗೊತ್ತಾಗಿತ್ತು. ಕರದಂಟಿನ ಅಂಗಡಿಯವನು ನನಗೆ ತೂಗಿಕೊಡುತ್ತ, "ಇದನ್ನ ತಿನ್ನಬಹುದ್ರಿ, ಇದು ಓಟ್ ಅಲ್ಲ" ಎಂದ.

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ಸ್ವಂತ ಊರಿನಲ್ಲಿ, ದಿನಾ ತಮ್ಮ ಅಂಗಡಿಯಲ್ಲಿ ಜೋಳ ಕೊಳ್ಳುವವರ ನಡುವೆ, ನೀಲವ್ವನವರು ಬಹಳ ಹಿಂದೆ ಬಿದ್ದಿದ್ದರು. ಕೆಮ್ಮಣ್ಣಿನ ಗಡಿಗೆ ಕತ್ತಿನವರೆಗೆ ತುಂಬಿತ್ತು. ಸುಣ್ಣದ ಗಡಿಗೆಯನ್ನು ಬಗ್ಗಿಸಿದಾಗ ಕಾಳು ಬಿದ್ದ ಸದ್ದನ್ನೇ ಬೆರಳು ಮಡಿಸಿ ಎಣಿಸಬಹುದಿತ್ತು. ಅವರ ಮುಖ ಕಪ್ಪಾಯಿತು. ಆದರೂ ಮನೆಗೆ ಬರುತ್ತ ನನಗೆ ಹೇಳಿದ್ದು ಇಷ್ಟೆ: "ನೀವು ತಿಂದದ್ದು ನನ್ನ ಗಡಿಗ್ಯಾಗ ಬೀಳೋದಿತ್ತೋ ಏನೋ. ಇರ್ಲಿ ತಗೋರಿ, ಬೀಗರ ಹೊಟ್ಟ್ಯಾಗ ಬಿತ್ತು, ಮನ್ಯಾಗ ಉಳೀತು."

ಮೂಡಲಗಿ

ಮೂರು ದಿನ ಬಿಟ್ಟು ಮೂಡಲಗಿ. ಸರ್ವಿಸ್ ಮೋಟಾರು ಒಂಬತ್ತಕ್ಕೆ ಎಂದರು; ಡ್ರೈವರು ಒಂಬತ್ತೂ ಮುಕ್ಕಾಲಿಗೆ ಚಹಾ ಕುಡಿಯಲು ಕುಳಿತ. ಎರೆಮಣ್ಣಿನ ಬಯಲು, ದೂರದೂರಕ್ಕೆ ಒಂದು ಬೇವಿನ ಮರ. ಜೊತೆಗೆ ಕುಳಿತವರು, ನಾನು ಯಾರು, ಎಲ್ಲಿಯವನು, ಎಷ್ಟು ಮಕ್ಕಳು, ಎಷ್ಟು ಹಲ್ಲು ಉಳಿದಿವೆ ಎಂದು ಎಲ್ಲವನ್ನೂ ಕೇಳಿದರು. ನಮ್ಮಲ್ಲಿ ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದವರೂ ಅಷ್ಟು ಕೇಳುವುದಿಲ್ಲ.

ಮೂಡಲಗಿಯಲ್ಲೂ ಬಸಲಿಂಗಪ್ಪನವರಿಗೇ ಹೆಚ್ಚು ಬಂತು, ಅಂತರ ಗೋಕಾಕದಷ್ಟಿರಲಿಲ್ಲ. ಎರಡೂ ಊರು ಕೂಡಿಸಿದರೆ ಹುಕ್ಕೇರಿ ಒಂದರಿಂದ ನೀಲವ್ವನವರು ಮೇಲೆ ಬರುವುದು ಹೆಚ್ಚುಕಡಿಮೆ ಅಸಾಧ್ಯ. ಎಣಿಕೆ ಮುಗಿದ ಕೂಡಲೆ ಅಂಗಳದ ನಾಲ್ಕೂ ಕಡೆಯಿಂದ ಒಂದೇ ಮಾತು: "ಕುಂದರ್ರಿ ಅಕ್ಕಾರ, ಕುಂದರ್ರಿ ಇನ್ನ." ನಾನು ಅವರಿಗೆ ಆಸನ ಹುಡುಕತೊಡಗಿದೆ. ಅಳಿಯ ನನ್ನ ತೋಳು ಹಿಡಿದ. ಸ್ಪರ್ಧೆಯಿಂದ ಹಿಂದೆ ಸರಿಯುವುದಕ್ಕೆ ಅಲ್ಲಿ 'ಕುಂದರುವುದು' ಎನ್ನುತ್ತಾರೆ.

ಬಸಲಿಂಗಪ್ಪನವರು ಕೈಜೋಡಿಸಿ ಎದ್ದರು. ಸಭ್ಯ ಮನುಷ್ಯ, ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. "ಅಕ್ಕಾರ, ಹುಕ್ಕೇರಿಗೆ ಹೋಗಿ ಏನ್ ಮಾಡೋದೈತ್ರಿ? ನಾವಿಬ್ರು ಬಡದಾಡಾಕತ್ತೇವಂತ ಇನಾಮದಾರ್ರ ಮನ್ಯಾಗ ಪೇಢೆ ಹಂಚಾಕತ್ತಾರ. ಇಂದ ನೀವು ಕುಂತ್ರ ನಾಳೆಯಿಂದ ನಾವು ಎಲ್ಲಾರೂ ಒಂದ."

"ನಾ ಕುಂತ್ರ ಹುಕ್ಕೇರಿಗೆ ನೀವು ಹೋಗ್ತೀರೇನ್ರಿ?" ಎಂದರು ನೀಲವ್ವ.

"ಯಾಕ ಹೋಗ್ಬೇಕ್ರಿ? ತೀರೇ ಹೋತಲ್ಲ."

"ಅದನ್ನ ನಾ ಹೇಳೋದು. ಇಲ್ಲಿತನಾ ಯಾರೂ ಆ ಮಂದಿಗೆ ಏನೂ ಕೇಳಿಲ್ಲ. ಈಗೂ ಕೇಳೋದು ಬ್ಯಾಡ ಅಂತೀರಿ."

ಮಾತು ಹಗ್ಗದಂತೆ ಇಬ್ಬರ ನಡುವೆ ಎಳೆದಾಡಿತು. ಕೊನೆಗೆ ಒಬ್ಬ ಹಿರಿಯರು, ಬೀಗರಾದರೂ ಇಲ್ಲಿ ಓಟಿಲ್ಲದವರು ಮೈಸೂರು ಮಾಸ್ತರರೊಬ್ಬರೇ, ಅವರು ಹೇಳಿದ್ದನ್ನು ಎಲ್ಲರೂ ಕೇಳೋಣ ಎಂದರು. "ಅವರು ಓಟ್ ತಿಂದವರ್ರಿ" ಎಂದ ಹಿಂದಿನಿಂದ ಒಬ್ಬ. ಆದರೂ ಎಬ್ಬಿಸಿದರು.

ನನ್ನ ಅಭಿಪ್ರಾಯ ಸ್ಪಷ್ಟವಿತ್ತು. ಗೆಲ್ಲದ ಆಟವನ್ನು ಎಳೆಯುವುದು ಶಿಸ್ತಲ್ಲ. ಬೀಗಿತ್ತಿ ಇಲ್ಲಿಗೇ ಮುಗಿಸಬೇಕು. ಅದನ್ನು ಹೆಂಗಸೊಬ್ಬರಿಗೆ ನೋವಾಗದಂತೆ ಹೇಳಲು ಹೋಗಿ ನನ್ನ ವೃತ್ತಿಯ ಹೋಲಿಕೆ ಕೊಟ್ಟೆ.

"ನಾನು ಹೆಡ್‌ಮಾಸ್ತರನಾಗಿದ್ದಾಗ ಡ್ರಿಲ್ಲನ್ನೂ ಕಲಿಸುತ್ತಿದ್ದೆ. ಹುಡುಗರು ದಣಿದಿದ್ದಾರೆಂದು ಕಂಡಾಗ ಒಳ್ಳೆಯ ಮೇಷ್ಟರು ಭಾಷಣ ಮಾಡುವುದಿಲ್ಲ, ಒಂದೇ ಅಪ್ಪಣೆ ಕೊಡುತ್ತಾರೆ. ಬೀಗಿತ್ತಿಯವರಿಗೂ ನಾನು ಅದನ್ನೇ ಕೊಡುತ್ತೇನೆ." ಎಂದವನೇ, ಅಂಗಳದ ಆಚೆಯ ಗೋಡೆಗೆ ತಾಗುವಂತೆ ಹಳೆಯ ಧ್ವನಿಯಲ್ಲಿ ಹೇಳಿದೆ: "ನಿಲ್ಲಿ!"

ನಮ್ಮ ಸೀಮೆಯ ಶಾಲೆಗಳಲ್ಲಿ ನಡೆಯುತ್ತಿರುವ ಸಾಲು ಈ ಅಪ್ಪಣೆಗೆ ತಟಕ್ಕನೆ ತಡೆಯುತ್ತದೆ. ಅಲ್ಲಿಯ ಶಾಲೆಗಳಲ್ಲಿ ಅಪ್ಪಣೆಗಳು ಇಂಗ್ಲಿಷಿನಲ್ಲಿವೆ. ಆ ಅಂಗಳದಲ್ಲಿ ಅರ್ಧ ಗಂಟೆಯಿಂದ ಕುಂದರ್ರಿ, ಕುಂದರ್ರಿ ಎಂಬುದನ್ನೇ ಕೇಳುತ್ತಿದ್ದ ಜನಕ್ಕೆ 'ನಿಲ್ಲಿ' ಎಂದರೆ ಒಂದೇ ಅರ್ಥ. ಚಪ್ಪಾಳೆ ಬಿತ್ತು. ಬಸಲಿಂಗಪ್ಪನವರು, ನಾನು ಅವರ ಕಾಲು ತುಳಿದವನಂತೆ, ನನ್ನನ್ನು ನೋಡಿದರು. ಏನಾಯಿತೆಂದು ಹೊಳೆಯುವಷ್ಟರಲ್ಲಿ ನೀಲವ್ವನವರು ಎದ್ದು ಕೈಮುಗಿದು, "ಹಿರ್ಯಾರ ಮಾತ ಮೀರಾಂಗಿಲ್ಲ. ನಿಂತೇನಿ" ಎಂದುಬಿಟ್ಟರು. ನಾನು "ಅಲ್ಲ, ಅಲ್ಲ" ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಘಟಪ್ರಭೆಯ ದಂಡೆ

ಹುಕ್ಕೇರಿಗೆ ಹೋಗುವ ದಿನ ಹಿಡಕಲ್ಲಿನ ಹತ್ತಿರ ಮೋಟಾರಿನ ಚಕ್ರಕ್ಕೆ ಮೊಳೆ ಚುಚ್ಚಿತು. ಎಲ್ಲರೂ ಇಳಿದು ಹೊಳೆದಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ನೀಲವ್ವನವರನ್ನು ಒಂದು ಕಡೆ ಕರೆದು ನಿಜವನ್ನು ಹೇಳಿಬಿಟ್ಟೆ: ನಾನು ಹೇಳಿದ್ದು ಸಾಕುಮಾಡಿ ಎಂದು. ಜನ ಅದನ್ನು ಸ್ಪರ್ಧೆಯಲ್ಲಿ ಇರಿ ಎಂದು ತಿಳಿದರು.

ಅವರು ರೊಟ್ಟಿ ಮುರಿಯುತ್ತ, "ಗೊತ್ತೈತ್ರಿ" ಎಂದರು.

"ಏನು ಗೊತ್ತು?"

"ನಿಮ್ಮ ಮಾರಿ ನೋಡಿದ ಕೂಡ್ಲೆ ಗೊತ್ತಾತು. ಅದಕ್ಕ ಲಗೂ ಎದ್ದು ಕೈ ಮುಗದೆ. ತಡಾ ಮಾಡಿದ್ರ ನೀವು ಬಿಡಿಸಿ ಹೇಳ್ತಿದ್ರಿ. ನಿಮಗ ಬಿಡಿಸಿ ಹೇಳೋ ಚಟಾ ಐತಿ."

ಇಷ್ಟು ಹೊತ್ತು ನನ್ನ ಅಪರಾಧವೆಂದು ನರಳುತ್ತಿದ್ದವನಿಗೆ ಕೋಪ ಬಂತು. "ಇದು ಮೋಸವಲ್ಲವೇ? ಹುಕ್ಕೇರಿಯ ಸಭೆಯಲ್ಲಿ ನಾನು ನಿಜ ಹೇಳುತ್ತೇನೆ" ಎಂದೆ.

"ಹೇಳ್ರಿ. ಖರೆ ಹೇಳಬ್ಯಾಡ ಅನ್ನಾಕ ನಾ ಯಾರು? ಹುಕ್ಕೇರಿ ಮಂದಿ ಎದುರಿಗೆ ಎದ್ದು, ನಿಮ್ಮನ್ನ ಕೇಳೂದ ಬ್ಯಾಡ ಅಂತ ನಾ ಹೇಳಿದ್ದೆ ಅನ್ರಿ. ಅವರ ಮಾರಿ ನೋಡಕೋತ ಅನ್ರಿ." ಇನ್ನೊಂದು ರೊಟ್ಟಿ ಮುರಿದು ಕೇಳಿದರು: "ಗಂಗಿ ಹೆಸರ ನಿಮ್ಮೂರ ಸಾಲ್ಯಾಗ ಬರಸೇ ಬಂದೀರಂತ ಶಾಂತಿ ಹೇಳಿದ್ಳು. ನನ್ನ ಕುಂದ್ರಸಬೇಕು ಅನಸಿದ್ದು ನಿಮಗ ಶಿಸ್ತಿನ ಸಲುವಾಗಿನೋ, ಅದರ ಸಲುವಾಗಿನೋ?"

ಇಡೀ ಪ್ರವಾಸದಲ್ಲಿ ನನಗೆ ಬಿದ್ದ ದೊಡ್ಡ ಏಟು ಇದು. ಉತ್ತರ ನನ್ನಲ್ಲಿತ್ತು, ಹೇಳುವ ಹಾಗಿರಲಿಲ್ಲ.

ಹುಕ್ಕೇರಿ

ಮರುದಿನದ ಸಭೆ ಹನ್ನೊಂದಕ್ಕೆ ಎಂದಿದ್ದರು. ನಾನು ಹತ್ತೂವರೆಗೆ ಹೋದೆ. ಅಲ್ಲಿ ನಾಯಿಯೊಂದೇ ಇತ್ತು. ಹೊತ್ತು ಕಳೆಯಲು ಹೆಣ್ಣುಮಕ್ಕಳ ಶಾಲೆ ಎಲ್ಲಿ ಎಂದು ಕೇಳಿಕೊಂಡು ಹೋದೆ. ಒಬ್ಬರ ಮನೆಯ ಕಟ್ಟೆಯೇ ಶಾಲೆ. ಮೂರು ಕಡೆ ಗೋಡೆ, ನಾಲ್ಕನೆಯದಕ್ಕೆ ಗೋಣಿಚೀಲದ ಪರದೆ. ಅದರಾಚೆ ಎರಡು ಎಮ್ಮೆ. ನಾಲ್ಕನೇ ತರಗತಿಯ ಏಳೆಂಟು ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ಹತ್ತೊಂಬತ್ತರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ ಒಂದು ಹುಡುಗಿಯನ್ನು ಕಂಡು, "ಮುಂದೆ ಏನು ಓದುತ್ತೀಯೆ?" ಎಂದು ಅಭ್ಯಾಸಬಲದಿಂದ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅವಳ ತಾಯಿ ಬಾಳವ್ವ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಮಗಳ ಪರವಾಗಿ ಅವಳೇ ಉತ್ತರಿಸಿದಳು. "ಇದ ಕಡೀ ವರ್ಸರಿ. ನೀವು ನೀಲವ್ವಕ್ಕಾರ ಬೀಗರಲ್ರಿ? ಮೊಮ್ಮಗಳನ್ನ ಮೈಸೂರ ಸೀಮಿಗೆ ಒಯ್ಯಾಕ ಬಂದೀರಂತ, ಚಲೋ ಆತು." ಹುಲ್ಲಿನ ಹೊರೆ ಇಳಿಸಿ, ಹವೆಯ ವಿಚಾರ ಕೇಳುವವಳಂತೆ ಕೇಳಿದಳು: "ನಮ್ಮವನ್ನ ಒಯ್ಯಾಕ ಯಾರ ಬರ್ತಾರ್ರಿ?"

ಕೊಂಕು ಇರಲಿಲ್ಲ. ನಿಜವಾಗಿಯೂ ಯಾರಾದರೂ ಬರುವುದಿದ್ದರೆ ತಿಳಿದುಕೊಳ್ಳೋಣ ಎಂಬಂತೆ ಕಾಯುತ್ತಿದ್ದಳು. ನಲವತ್ತು ವರ್ಷದ ಸೇವೆಯಲ್ಲಿ ಉತ್ತರವಿಲ್ಲದೆ ತಲೆತಗ್ಗಿಸಿ ಶಾಲೆಯಿಂದ ಹೊರಬಂದದ್ದು ಅದೇ ಮೊದಲು.

ಸಭೆ ಒಂದು ಗಂಟೆಗೆ ಸೇರಿತು. ಗೋಕಾಕದಲ್ಲಿ ಕಾಳು ಹಾಕಿ ಮನೆಗೆ ಹೋಗಿದ್ದರು. ಇಲ್ಲಿ ಯಾರಿಗೂ ಅವಸರವಿರಲಿಲ್ಲ. ಒಬ್ಬೊಬ್ಬರೂ ಎದ್ದು ಒಂದೊಂದು ಕೇಳಿದರು. ಬಸಲಿಂಗಪ್ಪನವರನ್ನು ಅವರಲ್ಲಿ ಅನೇಕರು ಮೊದಲ ಬಾರಿ ನೋಡುತ್ತಿದ್ದರು. ನಾನು ಅನುಮತಿ ಕೇಳಿ ಎದ್ದೆ.

"ಮೂಡಲಗಿಯಲ್ಲಿ ನಾನು ನಿಲ್ಲಿ ಎಂದೆ. ಸ್ಪರ್ಧೆಯನ್ನು ಅಲ್ಲಿಗೇ ಮುಗಿಸಿ ಎಂಬುದು ನನ್ನ ಅರ್ಥ. ನಿಮ್ಮೂರಿಗೆ ಬರುವುದು ಬೇಡ ಎಂಬುದೂ ಅದರಲ್ಲಿ ಸೇರಿತ್ತು. ಜನ ಬೇರೆ ಅರ್ಥ ಮಾಡಿಕೊಂಡರು." ಗೋಣಿಪರದೆಯ ಶಾಲೆ ಕಣ್ಣಮುಂದೆಯೇ ಇತ್ತು. "ನಾನು ಹೇಳಿದ್ದು ತಪ್ಪು. ಅವರು ಕೇಳಿಸಿಕೊಂಡದ್ದು ಸರಿ."

ಮೊದಲು ನಕ್ಕವರು ಬಸಲಿಂಗಪ್ಪನವರು. "ಮಾಸ್ತರ, ನನ್ನ ಮೂರ ದಿನ ಹಾಳಾತಲ್ರಿ" ಎಂದು ಹಣೆ ಬಡಿದುಕೊಂಡರು. ಆಮೇಲೆ ಎಲ್ಲರೂ ನಕ್ಕರು. ನೀಲವ್ವನವರು ಮಾತ್ರ ನಗಲಿಲ್ಲ. ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದರು.

ಹುಕ್ಕೇರಿಯಲ್ಲಿ ಸುಣ್ಣದ ಗಡಿಗೆಯೇ ತುಂಬಿತು. ಕೆಮ್ಮಣ್ಣಿನದರ ತಳ ಮಾತ್ರ ಮುಚ್ಚಿತ್ತು. ಆದರೆ ಮೂರೂ ಊರು ಕೂಡಿಸಿದಾಗ ನೀಲವ್ವನವರು ಸೋತಿದ್ದರು. ಲೆಕ್ಕವನ್ನು ಎರಡು ಸಲ ನೋಡಿದರು. ಎರಡು ಸಲವೂ ಅದೇ. ಬಸಲಿಂಗಪ್ಪನವರು ತಮ್ಮ ಖಾಲಿ ಗಡಿಗೆಯೊಳಗೆ ಬಗ್ಗಿ ನೋಡುತ್ತ ಬಹಳ ಹೊತ್ತು ನಿಂತರು. ಇದೇ ಜನ ಮಳೆಗಾಲದ ಮೇಲೆ ತಮಗೆ ಬೇಕು ಎಂಬುದು ಹೊಳೆಯಿತೋ, ಅಥವಾ ನಾಚಿಕೆಯೋ, ನಾನು ಹೇಳಲಾರೆ. "ಅಕ್ಕಾರ, ಆ ಸಾಲಿ ಎಲ್ಲೈತಿ, ತೋರಸ್ರಿ ನಡೀರಿ" ಎಂದರು. ಸಭೆಯಷ್ಟೂ ಅವರ ಹಿಂದೆ ಎಮ್ಮೆಯ ಕಟ್ಟೆಗೆ ಹೋಯಿತು. ಅಲ್ಲಿ ಅವರು, ತಾವು ಗೆದ್ದರೆ ಐದನೇ ಇಯತ್ತೆ ಮೊದಲು ಇಲ್ಲಿ, ಆಮೇಲೆ ಮೂಡಲಗಿ, ಆಮೇಲೆ ಗೋಕಾಕ ಎಂದರು.

"ಗೆಲ್ಲದಿದ್ರ?" ಎಂದಳು ಬಾಳವ್ವ.

ಬಸಲಿಂಗಪ್ಪನವರು ಎಮ್ಮೆಗಳ ಕಡೆ ತಿರುಗಿದರು. ಈ ಒಂದು ವಾರದ ಹಗ್ಗಜಗ್ಗಾಟದಿಂದ ಇನಾಮದಾರರಿಗೆ ಲಾಭವಾಯಿತೋ ಇಲ್ಲವೋ ಎಂಬುದು ಇದನ್ನು ಬರೆಯುವ ಹೊತ್ತಿಗೂ ಗೊತ್ತಿಲ್ಲ.

ಮತ್ತೆ ಗೋಕಾಕ, ಮತ್ತೆ ತುಮಕೂರು

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಪಡಸಾಲೆಯಲ್ಲಿ ಒಂದು ಹಸಿರು ಟ್ರಂಕು. ಅದರ ಪಕ್ಕದಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹೊಸ ಪರಕಾರ, ಎಂದರೆ ನಮ್ಮ ಲಂಗ, ತೊಟ್ಟು ಗಂಗಾ ಕುಳಿತಿದ್ದಳು. ಅತ್ತು ಮುಗಿಸಿದ ಮುಖ. ನೀಲವ್ವನವರು ಟ್ರಂಕಿನ ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು.

"ಸೋತೇನ್ರಿ. ಮಾತು ಅಂದ್ರ ಮಾತು. ಎಣ್ಣಿ ನೀರು ವಾರಕ್ಕೊಮ್ಮೆ ಹಾಕಸ್ರಿ. ರಾತ್ರಿ ಹಾಲು ಕುಡಿಯಾಕ ಹಟಾ ಮಾಡ್ತಾಳ, ಬಿಡಬ್ಯಾಡ್ರಿ."

"ಟ್ರಂಕು ಬಿಚ್ಚಿ" ಎಂದೆ.

"ಯಾಕ್ರಿ? ಮೈಲಿಗಿ ಅರಿವಿ ಹಾಕಿಲ್ಲ, ಎಲ್ಲಾ ಒಗದದ್ದ."

"ಇವಳನ್ನು ನಾನು ಕರೆದುಕೊಂಡು ಹೋದರೆ ನೀವು ನಾಳೆಯಿಂದ ಬಸಲಿಂಗಪ್ಪನವರ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತೀರಾ? ಇಯತ್ತೆ ಏನಾಯಿತು ಎಂದು ಕೇಳುತ್ತೀರಾ?"

"ಕೇಳ್ತೇನಿ."

"ನಿಮ್ಮ ಮೊಮ್ಮಗಳು ತುಮಕೂರಿನಲ್ಲಿ ಓದುತ್ತಿದ್ದಾಳೆ, ನಿಮಗೇಕೆ ಎಂದರೆ?"

ಅವರು ಗಂಗಾಳ ಕಡೆ ನೋಡಿದರು. ಆಮೇಲೆ ಕೇಳಿದರು: "ಇಯತ್ತೆ ಬರದ ಹೋದ್ರ ಕೂಸಿನ ಗತಿ ಏನ್ರಿ? ಒಂದ ವರ್ಸ ದಂಡ ಆಗ್ತೈತಿ."

"ಆಗಬಹುದು" ಎಂದೆ. ಹಾಗೆ ಹೇಳಿದವನು ನಾನೇ ಎಂದು ನಂಬಲಾಗಲಿಲ್ಲ. ಒಂದು ದಿನ ಶಾಲೆ ತಪ್ಪಿಸಿದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿದವನು. ಗಂಗಾ ನಮ್ಮಿಬ್ಬರ ಮುಖವನ್ನೂ ನೋಡಿ, ಯಾರೂ ಬೇಡವೆನ್ನುವ ಮೊದಲೇ ಬೀಗದ ಕೈ ಎತ್ತಿಕೊಂಡು ಟ್ರಂಕು ತೆಗೆಯತೊಡಗಿದಳು.

ಹರಿಹರದ ಸೇತುವೆಯನ್ನು ನಾನು ಒಬ್ಬನೇ ದಾಟಿದೆ. ತುಮಕೂರಿನಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ, ಗಾಡಿಯೊಳಗೆ ನೋಡಿದಳು. ಮಗುವಿಗಾಗಿ ಒಳಕೋಣೆಯನ್ನು ಸಾರಿಸಿ, ಗಿಡ್ಡ ಮಣೆಯೊಂದನ್ನು ಮಾಡಿಸಿಟ್ಟಿದ್ದಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ, "ಅವರ ಮಕ್ಕಳಿಗೋಸ್ಕರ ನಮ್ಮ ಮಗುವಿನ ವರ್ಷವನ್ನು ಕೊಟ್ಟು ಬಂದಿರಾ?" ಎಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಕನ್ಯಾಶಾಲೆಗೆ ಹೋಗಿ, ನಾನೇ ಬರೆಸಿದ್ದ ಹೆಸರನ್ನು ನಾನೇ ಹೇಳಿ ಹೊಡೆದುಹಾಕಿಸಿದೆ.